ಮೊದಲು ಸೀಟು, ಆಮೇಲೆ ವೀಸಾ

ಮಂಗಳೂರಿನ ಹಂಪನಕಟ್ಟೆಯ ವಿಶ್ವವಿದ್ಯಾನಿಲಯ ಕಾಲೇಜಿನಲ್ಲಿ ಪದವಿ ಮುಗಿಸಿ ಚೀನಾಕ್ಕೆ ಹೋಗಿ ಚೀನೀ ಭಾಷೆ ಕಲಿಯಬೇಕೆನ್ನುವವರು ವಿಮಾನದ ಟಿಕೆಟ್‌ಗಿಂತ ಮೊದಲು ಕ್ಯಾಲೆಂಡರ್ ನೋಡಬೇಕು. ಅಲ್ಲಿ ಶೈಕ್ಷಣಿಕ ವರ್ಷ ಶುರುವಾಗುವುದು ಸೆಪ್ಟೆಂಬರ್‌ನಲ್ಲಿ. ತಯಾರಿ ಹಿಂದಿನ ಚಳಿಗಾಲದಲ್ಲೇ ಆಗಬೇಕು. 180 ದಿನ ಮೀರಿದ ಓದಿಗೆ ಎಕ್ಸ್1 ವೀಸಾ, ಅದರೊಳಗಿನದಕ್ಕೆ ಎಕ್ಸ್2. ಎಕ್ಸ್1ಕ್ಕೆ ಪ್ರವೇಶಪತ್ರದ ಜೊತೆ ಜೆಡಬ್ಲ್ಯೂ 201 ಅಥವಾ 202 ನಮೂನೆಯೂ ಬೇಕು. ಅವನ್ನು ಕೊಡಿಸುವುದು ಸೀಟು ಕೊಟ್ಟ ವಿಶ್ವವಿದ್ಯಾಲಯ. ಎಕ್ಸ್1 ಪಡೆದವರು ಚೀನಾ ತಲುಪಿದ 30 ದಿನದೊಳಗೆ ನಿವಾಸ ಪರವಾನಗಿಗೂ ಅರ್ಜಿ ಹಾಕಬೇಕು.

ಇದೆಲ್ಲ ಏಜೆಂಟರೇ ನೋಡಿಕೊಳ್ಳುತ್ತಾರಲ್ಲ ಎನ್ನಬಹುದು. ಅವರು ಅರ್ಜಿ ತುಂಬಿಯಾರು. ಆದರೆ ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಪೂರ್ತಿ ಹೆಸರು ಇದ್ದರೆ ಆ ವ್ಯತ್ಯಾಸವನ್ನು ಸರಿಪಡಿಸಿಕೊಳ್ಳಬೇಕಾದವರು ವಿದ್ಯಾರ್ಥಿಯೇ. ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ಆದ್ದರಿಂದ ದಾಖಲೆಗಳ ಕೆಲಸವನ್ನು ಅಂತಿಮ ವರ್ಷದಲ್ಲೇ ಆರಂಭಿಸುವುದು ಜಾಣತನ.