ಹರಿವೆ ತಿಂದರೆ ರಕ್ತ ಹೆಚ್ಚುವುದೇ?

ಗಂಜಿಯ ಬಟ್ಟಲಿಗೆ ಕೆಂಪು ಹರಿವೆಯ ಪಲ್ಯ ಬಿದ್ದರೆ ಸಾಕು, ಅನ್ನವೆಲ್ಲ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. 'ತಿನ್ನು ಮಗಾ, ಮೈಯಲ್ಲಿ ರಕ್ತ ಆಗುತ್ತದೆ' ಎಂದು ಅಜ್ಜಿಯರು ಮಕ್ಕಳನ್ನು ಪುಸಲಾಯಿಸುವುದುಂಟು. ಈ ಮಾತು ಎಷ್ಟು ನಿಜ?

ತುಳುವಿನಲ್ಲಿ 'ಪದ್ಪೆ' ಎನಿಸಿಕೊಳ್ಳುವ ಹರಿವೆಯ ಕೆಂಪಿಗೆ ಬೀಟಾಸಯನಿನ್ ಎಂಬ ವರ್ಣದ್ರವ್ಯ ಕಾರಣ. ಬೀಟ್‌ರೂಟಿನ ಬಣ್ಣವೂ ಇದೇ ಗುಂಪಿನದು. ನಾಲ್ಕು ಎಲೆ ಹೆಚ್ಚಿ ಬಿಸಿನೀರಿಗೆ ಹಾಕಿದರೆ ನೀರು ಕೆಂಪಾಗುವುದನ್ನು ವಿದ್ಯಾರ್ಥಿಗಳೇ ನೋಡಬಹುದು. ಆದರೆ ಈ ಬಣ್ಣ ಕಬ್ಬಿಣದ್ದಲ್ಲ. ರಕ್ತಕ್ಕೆ ಬೇಕಾದ ಕಬ್ಬಿಣದ ಅಂಶ ಹಸಿರು ಹರಿವೆಯಲ್ಲೂ ಇದೆ. ಅಂದರೆ ಅಜ್ಜಿಯ ಸಲಹೆ ಸರಿ, ಕಾರಣ ಮಾತ್ರ ಬೇರೆ.

ಸಲಹೆಯನ್ನು ತಳ್ಳಿಹಾಕುವಂತೆಯೂ ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತಹೀನತೆಯಿದೆ. ತರಗತಿಯಲ್ಲಿ ಕಾಣುವ ಆಯಾಸ, ಏಕಾಗ್ರತೆಯ ಕೊರತೆ ಎಲ್ಲವೂ ಸೋಮಾರಿತನವಲ್ಲ.

ಹರಿವೆ ಬೆಳೆಯಲು ಎಕರೆಗಟ್ಟಲೆ ಜಾಗ ಬೇಕಿಲ್ಲ. ಎರ್ಮಾಳಿನಂಥ ಕಡಲ ತಡಿಯ ಊರಿನಲ್ಲಿ ಹೊಯಿಗೆ ಮಣ್ಣು ನೀರನ್ನೂ ಗೊಬ್ಬರದ ಸಾರವನ್ನೂ ಬೇಗ ಬಿಟ್ಟುಕೊಡುತ್ತದೆ. ಆದ್ದರಿಂದ ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಬೆರೆಸಿ, ದಿನವೂ ನೀರುಣಿಸಬೇಕು. ಆಟಿಯ ಜಡಿಮಳೆಗೆ ಎಳೆ ಸಸಿ ಕೊಳೆಯುವುದರಿಂದ ಮಳೆ ಹಿಂದೆಗೆದ ಮೇಲೆ ಬಿತ್ತುವುದು ಲೇಸು. ಸಾಸಿವೆಗಿಂತಲೂ ಸಣ್ಣದಾದ ಬೀಜವನ್ನು ಒಣ ಹೊಯಿಗೆಯೊಂದಿಗೆ ಬೆರೆಸಿ ಎರಚಿದರೆ ಒಂದೇ ಕಡೆ ಗುಂಪುಗೂಡುವುದಿಲ್ಲ. ಸುಮಾರು ಒಂದು ತಿಂಗಳಲ್ಲಿ ಸೊಪ್ಪು ಕೈಗೆ ಬರುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ಅರುಣಿಮಾ' ನೇರಳೆಗೆಂಪು ಬಣ್ಣದ ತಳಿ. ಕೊಯ್ದ ಹಾಗೆ ಮತ್ತೆ ಚಿಗುರುತ್ತದೆ.

ಅಡುಗೆಯಲ್ಲಿ ಎಚ್ಚರ ಅಗತ್ಯ. ಸೊಪ್ಪನ್ನು ಮೊದಲು ತೊಳೆದು ಆಮೇಲೆ ಹೆಚ್ಚಬೇಕು. ತೆಂಗಿನೆಣ್ಣೆಯಲ್ಲಿ ಸಾಸಿವೆ, ಉದ್ದಿನಬೇಳೆ, ಒಣಮೆಣಸು, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟು ಸೊಪ್ಪು ಹಾಕಿದರೆ ಅದು ಬಿಡುವ ನೀರಿನಲ್ಲೇ ಬೇಯುತ್ತದೆ. ಕೊನೆಗೆ ತೆಂಗಿನತುರಿ ಸೇರಿಸಿ, ಒಲೆಯಿಂದ ಇಳಿಸಿದ ಮೇಲೆ ಲಿಂಬೆರಸ ಹಿಂಡಬೇಕು. ಸೊಪ್ಪಿನ ಕಬ್ಬಿಣವನ್ನು ದೇಹ ಸುಲಭವಾಗಿ ಹೀರಿಕೊಳ್ಳುವುದಿಲ್ಲ; ಲಿಂಬೆಯ 'ಸಿ' ಜೀವಸತ್ವ ಅದಕ್ಕೆ ನೆರವಾಗುತ್ತದೆ. ಊಟದ ಬೆನ್ನಿಗೇ ಕುಡಿಯುವ ಚಹಾ, ಕಾಫಿ ಅಡ್ಡಿ ಮಾಡುತ್ತವೆ. ಬಲಿತ ದಂಟನ್ನು ಎಸೆಯಬೇಕಿಲ್ಲ. ಹಲಸಿನ ಬೀಜದ ಜೊತೆ ಸೊಗಸಾದ ಹುಳಿಯಾಗುತ್ತದೆ.

ಹಾಗೆಂದು ಹರಿವೆಯೇ ಔಷಧವಲ್ಲ. ರಕ್ತಹೀನತೆ ಇದ್ದವರು ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆ ನಿಲ್ಲಿಸಬಾರದು. ಮೂತ್ರಪಿಂಡದಲ್ಲಿ ಕಲ್ಲಾದವರು ವೈದ್ಯರನ್ನು ಕೇಳಿಯೇ ತಿನ್ನಬೇಕು, ಏಕೆಂದರೆ ಈ ಸೊಪ್ಪಿನಲ್ಲಿ ಆಕ್ಸಲೇಟ್ ಹೆಚ್ಚು. ಉಳಿದವರ ಮನೆಯಲ್ಲಿ ಮಕ್ಕಳ ಪಾಲಿಗೆ ಒಂದು ಪುಟ್ಟ ಪಾತಿ ಬಿಟ್ಟುಕೊಟ್ಟರೆ ಹೇಗೆ? ತಾವೇ ಬಿತ್ತಿ ನೀರೆರೆದ ಸೊಪ್ಪನ್ನು ತಟ್ಟೆಯ ಅಂಚಿಗೆ ಸರಿಸಲು ಅವರಿಗೂ ಮನಸ್ಸು ಬಾರದು.