ಬಟ್ಟೆ ಭಾರ ಎತ್ತುವುದಿಲ್ಲ

ಭಾರ ಎತ್ತುವ ವ್ಯಾಯಾಮ ಪೈಲ್ವಾನರಿಗೆ ಮಾತ್ರ ಎನ್ನುವ ಕಾಲ ಮುಗಿದಿದೆ. ವಯಸ್ಕರೆಲ್ಲರೂ ವಾರಕ್ಕೆ ಕನಿಷ್ಠ 2 ದಿನ ಸ್ನಾಯುಬಲ ಹೆಚ್ಚಿಸುವ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಆದರೂ ಎಷ್ಟೋ ಮಂದಿ ಜಿಮ್‌ನ ಹೊಸ್ತಿಲಲ್ಲೇ ಹಿಂಜರಿಯುವುದು ಬಟ್ಟೆಯ ಚಿಂತೆಯಿಂದ. ಬೆವರು ಹರಿಸುವ ಸೂಟ್ ತೊಟ್ಟರೆ ಬೊಜ್ಜು ಕರಗುತ್ತದೆ, ಬಿಗಿಯಾಗಿ ಕಟ್ಟಿಕೊಂಡರೆ ಬಲ ಬರುತ್ತದೆ, ದುಬಾರಿ ಉಡುಪಿದ್ದರೇ ವ್ಯಾಯಾಮ ಫಲಿಸುತ್ತದೆ ಎಂಬ ಮಾತುಗಳು ಎಲ್ಲೆಡೆ ಕೇಳಿಬರುತ್ತವೆ. ಇವೆಲ್ಲದರ ಬುಡದಲ್ಲಿರುವ ತಪ್ಪು ಒಂದೇ: ದೇಹ ಮಾಡಬೇಕಾದ ಕೆಲಸವನ್ನು ಬಟ್ಟೆಗೆ ವಹಿಸುವುದು. ಕೀಲುಗಳು ಪೂರ್ತಿ ಬಾಗಲು, ಬೆವರು ಆರಲು, ಪಾದ ಗಟ್ಟಿಯಾಗಿ ಊರಲು ಅಡ್ಡ ಬಾರದಿದ್ದರೆ ಬಟ್ಟೆಯ ಕೆಲಸ ಮುಗಿಯಿತು.

ತಪ್ಪು ಕಲ್ಪನೆ: ಹೆಚ್ಚು ಬೆವರಿಸುವ ಬಟ್ಟೆ ಕೊಬ್ಬು ಕರಗಿಸುತ್ತದೆ.

ಸತ್ಯ: ಬೆವರು ಕರಗಿದ ಕೊಬ್ಬಲ್ಲ. ಅದು ದೇಹ ತನ್ನನ್ನು ತಂಪಾಗಿಸಿಕೊಳ್ಳಲು ಹೊರಹಾಕುವ ನೀರು ಮತ್ತು ಉಪ್ಪು. ಚರ್ಮದ ಮೇಲೆ 1 ಲೀಟರ್ ಬೆವರು ಆವಿಯಾದರೆ ಸುಮಾರು 580 ಕಿಲೋಕ್ಯಾಲರಿಯಷ್ಟು ಶಾಖ ಹೊರಹೋಗುತ್ತದೆ. ಪ್ಲಾಸ್ಟಿಕ್ ಅಥವಾ ರಬ್ಬರಿನ ಸೂಟ್ ತಡೆಯುವುದು ಈ ಆವಿಯಾಗುವಿಕೆಯನ್ನೇ. ಬೆವರು ಒಳಗೇ ನಿಲ್ಲುತ್ತದೆ, ಮೈ ಕಾಯುತ್ತದೆ, ಅದನ್ನು ತಣಿಸಲು ದೇಹ ಇನ್ನಷ್ಟು ನೀರು ಕಳೆದುಕೊಳ್ಳುತ್ತದೆ. ‘ಆದರೆ ತೂಕದ ಯಂತ್ರ ಒಂದು ಕಿಲೋ ಕಡಿಮೆ ತೋರಿಸಿತಲ್ಲ’ ಎಂದು ಕೇಳುವವರಿದ್ದಾರೆ. ತೋರಿಸಿದ್ದು ನಿಜ, ಆದರೆ ಇಳಿದದ್ದು ನೀರಿನ ತೂಕ. ನೀರು ಕುಡಿದ ಮೇಲೆ ಅದು ಮರಳಿ ಬರುತ್ತದೆ. ಈ ಭ್ರಮೆಗೆ ಜೀವಗಳೂ ಬಲಿಯಾಗಿವೆ. ಅಮೆರಿಕದಲ್ಲಿ 1997ರ ಕೊನೆಯಲ್ಲಿ, ಸುಮಾರು ಒಂದು ತಿಂಗಳ ಅವಧಿಯೊಳಗೆ, ತೂಕ ಇಳಿಸುವ ಧಾವಂತದಲ್ಲಿ ಗಾಳಿಯಾಡದ ಸೂಟ್ ತೊಟ್ಟು ಬೆವರಿಳಿಸುತ್ತಿದ್ದ ಮೂವರು ಕಾಲೇಜು ಕುಸ್ತಿಪಟುಗಳು ಮೃತಪಟ್ಟರು. ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ಆಮೇಲೆ ಅಂಥ ಸೂಟ್‌ಗಳನ್ನು ನಿಷೇಧಿಸಿತು. ಮಡಿಕೇರಿಯ ಚಳಿಯ ಬೆಳಿಗ್ಗೆ ಮೈ ಬಿಸಿಯಾಗುವವರೆಗೆ ಸ್ವೆಟರ್ ಹಾಕಿಕೊಳ್ಳುವುದು ಬೇರೆ ಮಾತು. ಅದು ಒಳ್ಳೆಯದೇ, ಬೆವರೊಡೆದ ಕೂಡಲೇ ತೆಗೆದಿಟ್ಟರಾಯಿತು.

ತಪ್ಪು ಕಲ್ಪನೆ: ಬಿಗಿಯಾದ ಬಟ್ಟೆ ಬಲ ಕೊಡುತ್ತದೆ, ಹರ್ನಿಯಾ ತಡೆಯುತ್ತದೆ.

ಸತ್ಯ: ಗರಡಿಮನೆಯ ಲಂಗೋಟಿಗೆ ಅದರದೇ ಅರ್ಥವಿತ್ತು. ಕುಸ್ತಿಯಲ್ಲಿ ಎದುರಾಳಿಯ ಕೈಗೆ ಸಡಿಲ ಬಟ್ಟೆ ಸಿಗಬಾರದು, ಮೈ ಸಲೀಸಾಗಿ ತಿರುಗಬೇಕು. ತೊಡೆಸಂದಿಗೆ ಬಿಗಿಯಾಗಿ ತೊಡುವ ಇಂದಿನ ಜಿಮ್ ಸಪೋರ್ಟರ್ ಹರ್ನಿಯಾ ತಡೆಯುತ್ತದೆ ಎಂಬ ನಂಬಿಕೆಗೆ ಮಾತ್ರ ಆಧಾರವಿಲ್ಲ. ಹೊಟ್ಟೆಯ ಗೋಡೆ ದುರ್ಬಲವಾದ ಜಾಗದಲ್ಲಿ ಕರುಳಿನ ಭಾಗವೋ ಕೊಬ್ಬೋ ಹೊರಚಾಚುವುದೇ ಹರ್ನಿಯಾ. ಹೊರಗೆ ಕಟ್ಟಿದ ಪಟ್ಟಿ ಒಳಗಿನ ಆ ಗೋಡೆಯನ್ನು ಗಟ್ಟಿ ಮಾಡಲಾರದು. ತೊಡೆಸಂದಿಯಲ್ಲಿ ಊತ ಕಂಡರೆ ಪಟ್ಟಿ ಬಿಗಿಯುವ ಬದಲು ವೈದ್ಯರನ್ನು ಕಾಣಬೇಕು. ಇಲ್ಲಿ ಒಂದು ನ್ಯಾಯವಾದ ಆಕ್ಷೇಪವಿದೆ. ಪವರ್‌ಲಿಫ್ಟಿಂಗ್‌ನಲ್ಲಿ ತೊಡುವ ಸ್ಕ್ವಾಟ್ ಸೂಟ್ ಮತ್ತು ಬೆಂಚ್ ಶರ್ಟ್‌ಗಳಿಂದ ಎತ್ತುವ ಭಾರ ನಿಜವಾಗಿಯೂ ಹೆಚ್ಚುತ್ತದೆ. ಆ ಬಿರುಸಾದ ಬಟ್ಟೆ ಕೆಳಗಿಳಿಯುವಾಗ ಸ್ಪ್ರಿಂಗಿನಂತೆ ಹಿಗ್ಗಿ, ಮೇಲೇಳುವಾಗ ನೂಕುತ್ತದೆ. ಹೆಚ್ಚಿದ ಆ ಭಾರ ಸ್ನಾಯುವಿನ ಗಳಿಕೆಯಲ್ಲ. ಆದ್ದರಿಂದಲೇ ಅವನ್ನು ತೊಟ್ಟವರಿಗೂ ತೊಡದವರಿಗೂ ಬೇರೆ ಬೇರೆ ಸ್ಪರ್ಧೆ ನಡೆಯುತ್ತದೆ.

ತಪ್ಪು ಕಲ್ಪನೆ: ಜಿಮ್‌ಗೆ ಮೈಗಂಟಿದ, ದುಬಾರಿ ಉಡುಪೇ ಬೇಕು, ಹತ್ತಿ ಸಲ್ಲದು.

ಸತ್ಯ: ಹತ್ತಿ ನೀರು ಹೀರಿಕೊಂಡು ನಿಧಾನವಾಗಿ ಆರುತ್ತದೆ, ಪಾಲಿಯೆಸ್ಟರ್ ಹೀರುವುದು ತೀರಾ ಕಡಿಮೆ, ಬೇಗ ಆರುತ್ತದೆ. ಬಹಳ ಹೊತ್ತು ಓಡುವವರಿಗೆ ಈ ವ್ಯತ್ಯಾಸ ದೊಡ್ಡದು. ಆದರೆ ಭಾರ ಎತ್ತುವವರು ಕೆಲವು ಸಲ ಎತ್ತಿ ಒಂದೆರಡು ನಿಮಿಷ ದಣಿವಾರಿಸಿಕೊಳ್ಳುತ್ತಾರೆ. ಮುಕ್ಕಾಲು ಗಂಟೆಯ ಆ ಕೆಲಸಕ್ಕೆ ಹತ್ತಿಯ ಟೀ ಶರ್ಟ್ ಧಾರಾಳ ಸಾಕು. ಪಾಲಿಯೆಸ್ಟರ್‌ಗೆ ಬೆವರಿನ ವಾಸನೆ ಬೇಗ ಅಂಟುವುದೂ ಉಂಟು. ಯಾವ ಬಟ್ಟೆಯೇ ಆಗಲಿ, ಒದ್ದೆಯಾದದ್ದನ್ನು ಬೇಗ ಬದಲಿಸುವುದು ಮುಖ್ಯ. ತೇವ ಹಿಡಿದ ಬಿಗಿ ಬಟ್ಟೆಯಡಿ ಹುಳುಕಡ್ಡಿ ಸುಲಭವಾಗಿ ಹಬ್ಬುತ್ತದೆ. ಮೈಗಂಟಿದ ಬಟ್ಟೆ ತೊಡಲು ಮನಸ್ಸೊಪ್ಪದ ಹೆಣ್ಣುಮಕ್ಕಳಿಗೆ ಇಲ್ಲಿ ಒಂದು ಪುರಾವೆಯಿದೆ. ಮೊಣಕೈ, ಮೊಣಕಾಲು ಪೂರ್ತಿ ನೆಟ್ಟಗಾದದ್ದು ತೀರ್ಪುಗಾರರಿಗೆ ಕಾಣಬೇಕೆಂದು ವೇಟ್‌ಲಿಫ್ಟಿಂಗ್ ಸ್ಪರ್ಧೆಯ ಉಡುಪು ಅವನ್ನು ಮುಚ್ಚುವಂತಿರಲಿಲ್ಲ. ಅಮೆರಿಕದ ವೇಟ್‌ಲಿಫ್ಟರ್ ಕುಲ್ಸುಮ್ ಅಬ್ದುಲ್ಲಾ ಮೈ ಮುಚ್ಚುವ ಉಡುಪಿಗೆ ಅನುಮತಿ ಕೇಳಿದ ಮೇಲೆ, 2011ರಲ್ಲಿ ಅಂತಾರಾಷ್ಟ್ರೀಯ ಒಕ್ಕೂಟ ನಿಯಮ ಬದಲಿಸಿ ಸ್ಪರ್ಧೆಯ ಉಡುಪಿನಡಿ ಕೈಕಾಲು ಮುಚ್ಚುವ ಬಟ್ಟೆ ತೊಡಲು ಒಪ್ಪಿತು. ಅಷ್ಟು ಕಟ್ಟುನಿಟ್ಟಿನ ಸ್ಪರ್ಧೆಯಲ್ಲೇ ಅದು ಸಲ್ಲುವುದಾದರೆ, ನಮ್ಮೂರಿನ ಜಿಮ್‌ನಲ್ಲಿ ಚೂಡಿದಾರಕ್ಕೆ ಏನಡ್ಡಿ? ವೇಲ್ ಮಾತ್ರ ಯಂತ್ರದ ರಾಟೆಗೆ ಸಿಕ್ಕದಂತೆ ತೆಗೆದಿಡಬೇಕು.

ತಪ್ಪು ಕಲ್ಪನೆ: ಶೂ ಎಷ್ಟು ಮೆತ್ತಗಿದ್ದರೆ ಅಷ್ಟು ಒಳ್ಳೆಯದು.

ಸತ್ಯ: ಓಟದ ಶೂವಿನ ಮೆತ್ತನೆಯ ಅಟ್ಟೆ ಪಾದದ ಬಡಿತ ತಾಳಲು ಮಾಡಿದ್ದು. ಹೆಗಲ ಮೇಲೆ ಭಾರ ಹೊತ್ತು ಬಸ್ಕಿ ಹೊಡೆಯುವಾಗ ಅದೇ ಮೆತ್ತೆ ಕುಸಿದು ಪಾದ ಓಲಾಡುತ್ತದೆ. ವೇಟ್‌ಲಿಫ್ಟರ್‌ಗಳ ಶೂವಿನ ಹಿಮ್ಮಡಿ ಸುಮಾರು 2 ಸೆಂಟಿಮೀಟರ್ ಎತ್ತರವಿದ್ದರೂ ಗಟ್ಟಿಯಾಗಿರುವುದು ಇದಕ್ಕೇ. ಅಂಥದ್ದನ್ನು ಎಲ್ಲರೂ ಕೊಳ್ಳಬೇಕಿಲ್ಲ. ಮಟ್ಟಸವಾದ ತೆಳು ಅಟ್ಟೆಯ ಕ್ಯಾನ್‌ವಾಸ್ ಶೂ ಸಾಕು.

ಹೊಸ ಉಡುಪಿಗೆ ದುಡ್ಡು ಸುರಿಯುವ ಮುನ್ನ ಮನೆಯಲ್ಲಿರುವುದನ್ನೇ ತೊಟ್ಟು ನೋಡಿ. ಪೂರ್ತಿ ಬಸ್ಕಿ ಕೂತೇಳಿ, ಎರಡೂ ಕೈ ತಲೆಯ ಮೇಲೆ ಚಾಚಿ, ಸೊಂಟದಿಂದ ಬಗ್ಗಿ. ಎಲ್ಲಿಯೂ ಹಿಡಿಯದೆ, ಜಾರದೆ, ಕಾಲಿಗೆ ಸಿಕ್ಕದೆ ಇದ್ದರೆ ನಾಳೆಯಿಂದಲೇ ವ್ಯಾಯಾಮಕ್ಕೆ ಹೊರಡಲು ಆ ಬಟ್ಟೆಯೇ ಸಾಕು.