ಅಂತರಾಯವಿಲ್ಲದ ಜ್ಞಾನದಾನ

ಶ್ರಾವಕನು ಆಚರಿಸಬೇಕಾದ ಚತುರ್ವಿಧ ದಾನಗಳಲ್ಲಿ ಆಹಾರ, ಔಷಧ, ಅಭಯಗಳೊಡನೆ ಶಾಸ್ತ್ರದಾನವೂ ಒಂದು. ಹಸಿದವನಿಗಿತ್ತ ಅನ್ನವು ಅಂದಿನ ಹಸಿವನ್ನು ನೀಗಿಸಿದರೆ, ಅರಿವನ್ನು ಬಯಸಿದವನಿಗಿತ್ತ ಗ್ರಂಥವು ಬಾಳಿನುದ್ದಕ್ಕೂ ಅವನೊಡನೆ ಬರುತ್ತದೆ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಓಲೆಗರಿಗಳಲ್ಲಿ ಬರೆಯಿಸಿ ಹಂಚಿದುದು ಇದೇ ಭಾವದಿಂದ.

ಅಂದು ಒಂದೊಂದು ಪ್ರತಿಗೂ ಲಿಪಿಕಾರನ ಶ್ರಮ ಬೇಕಾಗಿತ್ತು. ಇಂದು ಅಂತರ್ಜಾಲದಲ್ಲಿ ಇರಿಸಿದ ಒಂದೇ ಪ್ರತಿಯನ್ನು ಲಕ್ಷಾಂತರ ಮಂದಿ ಓದಬಹುದು. ಟಿಮ್ ಬರ್ನರ್ಸ್-ಲೀ ರೂಪಿಸಿದ ವೆಬ್ ತಂತ್ರಜ್ಞಾನವನ್ನು ಯುರೋಪಿನ ಸರ್ನ್ ಸಂಸ್ಥೆಯು 1993ರ ಏಪ್ರಿಲ್ 30ರಂದು ಶುಲ್ಕವಿಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟಿತು. ಅದೂ ಒಂದು ಬಗೆಯ ಜ್ಞಾನದಾನವೇ.

ಆದರೆ ಜ್ಞಾನವನ್ನು ಇರಿಸಿದ ಮಾತ್ರಕ್ಕೆ ದಾನವು ಪೂರ್ಣವಾಗದು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಜ್ಞಾನಾವರಣ, ದರ್ಶನಾವರಣ ಕರ್ಮಗಳ ಆಸ್ರವಕ್ಕೆ ಪ್ರದೋಷ, ನಿಹ್ನವ, ಮಾತ್ಸರ್ಯ, ಅಂತರಾಯ, ಆಸಾದನ, ಉಪಘಾತ ಎಂಬ ಆರು ಕಾರಣಗಳನ್ನು ಹೇಳುತ್ತದೆ. ಜ್ಞಾನದ ಮೂಲವನ್ನು ಮರೆಮಾಚುವುದು ನಿಹ್ನವ. ತಿಳಿದುದನ್ನು ಅರ್ಹರಿಗೂ ಕೊಡದಿರುವುದು ಮಾತ್ಸರ್ಯ. ಕಲಿಯುವವನ ದಾರಿಗೆ ಅಡ್ಡಿಯೊಡ್ಡುವುದು ಅಂತರಾಯ. ಜಾಲತಾಣವನ್ನು ಅಳೆಯಲು ಇವಕ್ಕಿಂತ ಉತ್ತಮ ಅಳತೆಗೋಲು ಬೇರೆ ಬೇಕೆ?

ನಸುಬೂದು ಬಣ್ಣದ ಸಣ್ಣ ಅಕ್ಷರಗಳು ವೃದ್ಧರ ಕಣ್ಣಿಗೆ ಅಂತರಾಯ. ಪಾಠದ ಮೇಲೆ ಹಾರಿ ಕೂರುವ ಜಾಹೀರಾತು ಬಾಲಕನ ಏಕಾಗ್ರತೆಗೆ ಅಂತರಾಯ. ಚಿತ್ರರೂಪದಲ್ಲಿ ಅಂಟಿಸಿದ ಕನ್ನಡ ಬರಹವನ್ನು ಅಂಧರು ಬಳಸುವ ಓದುತಂತ್ರಾಂಶವು ಸಾಮಾನ್ಯವಾಗಿ ಉಚ್ಚರಿಸಲಾರದು. ವೆಬ್ ಒಕ್ಕೂಟದ ಸುಗಮತಾ ಮಾರ್ಗಸೂಚಿಯಂತೆ ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ವರ್ಣವ್ಯತ್ಯಾಸವಿರಬೇಕು. ಅಕ್ಷರವನ್ನು ಇಮ್ಮಡಿ ಹಿಗ್ಗಿಸಿದರೂ ಪುಟ ಕೆಡಬಾರದು. ಚಿತ್ರಕ್ಕೆ ಮಾತಿನ ವಿವರಣೆಯಿರಬೇಕು. ಯೂನಿಕೋಡ್ ಅಕ್ಷರಗಳನ್ನೇ ಬಳಸಿದರೆ ಹುಡುಕಿದಾಗ ಕನ್ನಡ ಪದವು ಕೈಗೆ ಸಿಗುತ್ತದೆ. ಬರೆದವರಾರು, ಯಾವ ಗ್ರಂಥದಿಂದ ಎಂಬುದನ್ನು ತಿಳಿಸಿದರೆ ನಿಹ್ನವದೋಷವೂ ತಪ್ಪುತ್ತದೆ.

ಇಂತಹ ವಿವೇಕದಿಂದ ನೋಡುವವರಿಗೆ ಉಪಯುಕ್ತ ತಾಣಗಳು ಹಲವಿವೆ. ಶಾಲಾಮಕ್ಕಳಿಗೆ ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ ದೀಕ್ಷಾ ಇದೆ. ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಸಂಕೇತವನ್ನು ಮೊಬೈಲಿಗೆ ತೋರಿಸಿದರೆ ಆ ಪಾಠದ ಸಾಮಗ್ರಿ ತೆರೆದುಕೊಳ್ಳುತ್ತದೆ. ಗಣಿತದಲ್ಲಿ ಹಿಂದುಳಿದವರಿಗೆ ಖಾನ್ ಅಕಾಡೆಮಿಯು ಜಾಹೀರಾತಿಲ್ಲದೆ, ಉಚಿತವಾಗಿ, ಹಂತಹಂತವಾಗಿ ಕಲಿಸುತ್ತದೆ. ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ನಡೆಸುವ ಎನ್‌ಪಿಟಿಇಎಲ್‌ನಲ್ಲಿ ಉನ್ನತ ಶಿಕ್ಷಣದ ಉಪನ್ಯಾಸಗಳಿವೆ. 1996ರಲ್ಲಿ ಸ್ಥಾಪಿತವಾದ ಇಂಟರ್ನೆಟ್ ಆರ್ಕೈವ್‌ನಲ್ಲಿ ಅಚ್ಚಿನಲ್ಲಿ ದೊರೆಯದ ಕನ್ನಡ ಪುಸ್ತಕಗಳೂ ಸಿಗುತ್ತವೆ.

ಜೈನ ಗ್ರಂಥಗಳಿಗೆ ಉತ್ತರ ಅಮೆರಿಕದ ಜೈನ ಸಂಘಗಳ ಒಕ್ಕೂಟದ ಆಶ್ರಯದಲ್ಲಿ ಬೆಳೆದ ಜೈನ್ ಈ-ಲೈಬ್ರರಿಯನ್ನು ನೋಡಬಹುದು. ಮೂಡುಬಿದಿರೆಯಲ್ಲಿ ಶತಮಾನಗಳ ಕಾಲ ತಾಳೆಗರಿಗಳಲ್ಲಿ ರಕ್ಷಿತವಾಗಿದ್ದ ಧವಲಾ ಟೀಕೆಯ ಮೊದಲ ಸಂಪುಟ ಅಚ್ಚಾಗಿ ಹೊರಬಂದುದು 1939ರಲ್ಲಿ. ಅಂದು ದರ್ಶನಕ್ಕೇ ಯಾತ್ರೆ ಮಾಡಬೇಕಾಗಿದ್ದ ಸಿದ್ಧಾಂತಗ್ರಂಥಗಳು ಇಂದು ಮನೆಯಲ್ಲೇ ಸ್ವಾಧ್ಯಾಯಕ್ಕೆ ಒದಗುತ್ತಿರುವುದು ಸಾಮಾನ್ಯ ಪುಣ್ಯವಲ್ಲ.

ಬಸದಿಗೋ ಪಾಠಶಾಲೆಗೋ ಜಾಲತಾಣವನ್ನು ರಚಿಸುವವರ ಉದ್ದೇಶ ಒಳ್ಳೆಯದೇ ಇರುತ್ತದೆ. ಆದರೆ ಬಂಧದ ಕಾರಣಗಳಲ್ಲಿ ಪ್ರಮಾದವೂ ಒಂದು. ಹೂವಿನ ಚೌಕಟ್ಟು, ಸಂಗೀತ, ದಾನಿಗಳ ಭಾವಚಿತ್ರಗಳ ನಡುವೆ ಪಾಠವೇ ಮರೆಯಾದರೆ, ಆ ತಾಣವು ಯಾರಿಗಾಗಿ ಎಂದು ಕೇಳಿಕೊಳ್ಳಬೇಕಾಗುತ್ತದೆ. ಅದನ್ನು ಲೋಕಕ್ಕೆ ತೆರೆಯುವ ಮುನ್ನ ಕಣ್ಣು ಮಂಜಾದ ಒಬ್ಬ ಅಜ್ಜಿಯ ಕೈಗೂ ಹಳೆಯ ಮೊಬೈಲುಳ್ಳ ಒಬ್ಬ ಬಡ ವಿದ್ಯಾರ್ಥಿಯ ಕೈಗೂ ಕೊಟ್ಟು ನೋಡಬೇಕು. ಅವರು ತಡವರಿಸದೆ ಓದಿದರೆ ಆ ದಾನವು ಪಾತ್ರರನ್ನು ತಲುಪಿತೆಂದೇ ಅರ್ಥ.